ಕಾಶ್ಮೀರದ ಸರೋವರಗಳ ಟ್ರೆಕ್‌ಗೆ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ಅಮ್ಮನಿಗೆ 56 ವರ್ಷ. ಹೋದ ವರ್ಷ ಕುಮಾರಪರ್ವತ ಹತ್ತಿದ್ದಾರೆ. ಆಗಸ್ಟ್‌ನಲ್ಲಿ ಸೋನಮಾರ್ಗ್‌ನಿಂದ ನಾರಾನಾಗ್‌ವರೆಗೆ ನಡೆಯುವ ಆಸೆ. ಆಗುತ್ತಾ?

ಉತ್ತರ: ಆಗುತ್ತೆ, ಆದರೆ ಅವಸರ ಬೇಡ. ನಾನು ಎರಡು ಸಲ ಹೋಗಿದ್ದೇನೆ. ದಾರಿಯಲ್ಲಿ ಬೆಟ್ಟ ದಾಟುವ ಗಡ್ಸರ್ ಪಾಸ್ ಸುಮಾರು 4,200 ಮೀಟರ್ ಎತ್ತರ, ಹತ್ತು ಹೆಜ್ಜೆಗೇ ಏದುಸಿರು ಬರುತ್ತೆ. ಅದಕ್ಕೇ ಮೊದಲು ವಿಶನ್‌ಸರ್ ಸರೋವರದ ದಂಡೆಯಲ್ಲಿ ಒಂದು ದಿನ ಸುಮ್ನೆ ಇದ್ದುಬಿಡಿ. ಬೆಳಗ್ಗೆ ಟೆಂಟ್ ತೆರೆದಾಗ ಇಡೀ ಬೆಟ್ಟ ನೀರಿನಲ್ಲಿ ತಲೆಕೆಳಗಾಗಿ ನಿಂತಿತ್ತು. ಕುದುರೆಯೊಂದು ಬಂದು ನೀರಿಗೆ ಬಾಯಿ ಹಾಕಿತು. ಬೆಟ್ಟವೆಲ್ಲ ಅಲುಗಾಡಿತು! ಅಮ್ಮ ಅದನ್ನು ನೋಡಲೇಬೇಕು ಅಲ್ವಾ?

ಇನ್ನೊಬ್ಬರು: ಆಧಾರ್ ಕಾರ್ಡ್ ಒರಿಜಿನಲ್ಲೇ ಇಟ್ಟುಕೊಳ್ಳಿ. ದಾರಿಯಲ್ಲಿ ಸೇನೆಯವರು ಕೇಳುತ್ತಾರೆ. ಮಳೆಕೋಟು ಮರೆಯಬೇಡಿ.

ಕೇಳಿದವರು: ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. ಕುದುರೆಯ ವಿಷಯ ಮತ್ತೊಮ್ಮೆ ಓದಿಸಿದರು.