ಹಳೇ ಡ್ಯಾಮಿನ ಆಂಕರ್: ಲೋಡ್ ನಿಂತಿದೆ, ಎಳೆತ ಮಾತ್ರ ಕಡಿಮೆ

ಕಲ್ಲುಗಾರೆ:
32 ಮೀ. ಎತ್ತರದ ಹಳೇ ಕಲ್ಲುಕಟ್ಟಡದ ಡ್ಯಾಮ್. ನೆತ್ತಿಯಿಂದ ಕೆಳಗಿನ ಬಂಡೆಗೆ ಡ್ಯಾಮನ್ನು ಬಿಗಿಯುವ, 12 ಸ್ಟ್ರಾಂಡಿನ (ಹೆಣೆದ ಉಕ್ಕಿನ ಹುರಿ) ಆಂಕರ್ (15.2 ಮಿ.ಮೀ., 1860 ಮೆಗಾಪಾಸ್ಕಲ್ ಗ್ರೇಡ್), ಫ್ರೀ ಲೆಂತ್ (ಎಲ್ಲೂ ಅಂಟದೆ ಎಳೆಯಬೇಕಾದ ಉದ್ದ) 40 ಮೀ., ಡಿಸೈನ್ ಲೋಡ್ 1870 ಕಿಲೋನ್ಯೂಟನ್. ಅದರ ಶೇ. 10ರಿಂದ ಶೇ. 133ಕ್ಕೆ ಏರಿಸಿದಾಗ ಸ್ಟ್ರಾಂಡ್ ಎಳೆದಿದ್ದು ಬರೀ 190 ಮಿ.ಮೀ. 10 ನಿಮಿಷ ಹಿಡಿದರೂ ಅರ್ಧ ಮಿ.ಮೀ. ಜಾರಲಿಲ್ಲ. ಲಾಕ್ ಮಾಡಬಹುದಾ (ಬಿಗಿದು ಕಾಯಂ ಮಾಡಬಹುದಾ)? ಪಕ್ಕದ ರಂಧ್ರದಲ್ಲಿ ನೀರೂ ನಿಲ್ಲುತ್ತಿಲ್ಲ. ಹೇಗೂ ಆಂಕರಿಗೆ ಪ್ಲಾಸ್ಟಿಕ್ ಕವಚ ಇದೆ, ಅದನ್ನು ಹಾಗೇ ಇಳಿಸಿದರೆ?

ಬೈರಿಗೆ:
ಲಾಕ್ ಮಾಡಬೇಡಿ. ಏರಿಸಿದ ಲೋಡ್ 2300 ಕಿಲೋನ್ಯೂಟನ್, ಉದ್ದ 40,000 ಮಿ.ಮೀ., ಉಕ್ಕು 12 × 140 = 1680 ಚ.ಮಿ.ಮೀ., ಇ (ಉಕ್ಕಿನ ಸ್ಥಿತಿಸ್ಥಾಪಕತೆ) 195 ಗಿಗಾಪಾಸ್ಕಲ್ ಹಿಡಿದರೆ 281 ಮಿ.ಮೀ. ಬರಬೇಕು. ಅದರಲ್ಲಿ ಶೇ. 80, ಅಂದರೆ 225 ಆದರೂ ಬರದಿದ್ದರೆ ಫೇಲ್. ನಿಮ್ಮ 190ಕ್ಕೆ ಎಳೆಯುತ್ತಿರೋದು 27 ಮೀ. ಮಾತ್ರ. ಡ್ಯಾಮ್ ಬಂಡೆಗೆ ಸೇರುವ ಅಡಿಪಾಯದ ಸಂದು ಇರೋದು 32ರಲ್ಲಿ! ಲೋಡಿನ ದೊಡ್ಡ ಪಾಲು ಬಂಡೆ ಮುಟ್ಟುವ ಮೊದಲೇ ಡ್ಯಾಮಿನ ಮೈಗೆ ಇಳಿಯುತ್ತಿರಬಹುದು. ಜಾರದೆ ನಿಂತಿದ್ದಕ್ಕೂ ಅದೇ ಕಾರಣ ಇರಬಹುದು, ಬಾಂಡಿಗೆ (ಬಂಡೆಯೊಳಗೆ ಆಂಕರ್ ಅಂಟಿ ಹಿಡಿಯುವ ಭಾಗ) ಪರೀಕ್ಷೆಯೇ ಆಗಿಲ್ಲ.

ರಂಧ್ರದಲ್ಲಿ 35 ಕಿಲೋಪಾಸ್ಕಲ್ ಹೆಚ್ಚುವರಿ ಒತ್ತಡಕ್ಕೆ 10 ನಿಮಿಷದಲ್ಲಿ ಸುಮಾರು 10 ಲೀಟರಿಗಿಂತ ಜಾಸ್ತಿ ನೀರು ಹೋದರೆ ಗ್ರೌಟ್ (ತೆಳು ಸಿಮೆಂಟ್ ಗಾರೆ) ತುಂಬಿ, ಗಟ್ಟಿಯಾದ ಮೇಲೆ ಮತ್ತೆ ಕೊರೆದು ಮತ್ತೆ ಪರೀಕ್ಷಿಸಿ. ಕವಚ ಇದ್ದರೂ ಬಿಡುವಂತಿಲ್ಲ. ಗ್ರೌಟ್ ಬಿರುಕಿಗೆ ಹರಿದುಹೋದರೆ ಕವಚದ ಸುತ್ತ ಪೊಳ್ಳು ಉಳಿಯುತ್ತೆ, ಬಾಂಡ್ ಇರೋ ಕಡೆ ಹಿಡಿತವೇ ಇರಲ್ಲ.

ಗ್ರೀಸ್‌ಡಬ್ಬಿ:
ಮೇಲಿನ ಲೆಕ್ಕ ಸರಿ, ಒಂದು ಸೇರಿಸ್ತೀನಿ. 190ರಲ್ಲಿ ವಾಪಸ್ ಬರದ ಸರಿತವೂ ಸೇರಿದೆ. ಲೋಡನ್ನು ಶೇ. 10ಕ್ಕೆ ಇಳಿಸಿ ಅದನ್ನು ಓದಿ, ಕಳೆಯಿರಿ. ಎಲಾಸ್ಟಿಕ್ ಎಳೆತ 190ಕ್ಕಿಂತಲೂ ಕಮ್ಮಿ ಬರುತ್ತೆ. ಡಯಲ್ ಗೇಜನ್ನು ಜ್ಯಾಕಿಗೆ ಕಟ್ಟಬೇಡಿ, ಪ್ಲೇಟಿನಿಂದ ದೂರ ನಿಲ್ಲಿಸಿದ ಬೇರೆ ತೊಲೆಗೆ ಕಟ್ಟಿ. ಆಮೇಲೆ ಎರಡು ಮೂರು ಸಲ ಏರಿಸಿ ಇಳಿಸಿ. ಎಳೆತ ಹೆಚ್ಚುತ್ತಾ ಬಂದರೆ ಅದು ಸೊಟ್ಟ ರಂಧ್ರದ ಅಥವಾ ಹುರಿಗೊಂಡ ಸ್ಟ್ರಾಂಡಿನ ಉಜ್ಜಾಟ. ಎಳೆತದ ಅಂಕಿ ಬದಲಾಗದಿದ್ದರೆ ಸ್ಟ್ರಾಂಡಿನ ಸುತ್ತಲ ಕೊಳವೆ ಹರಿದು ಫ್ರೀ ಲೆಂತಿಗೆ ಗ್ರೌಟ್ ನುಗ್ಗಿದೆ ಅನ್ನೋ ಅನುಮಾನ ಬಲವಾಗುತ್ತೆ. ಆಗ ಬದಲಿ ಆಂಕರೇ ಗತಿ.

ಮುಂದಿನ ಆಂಕರ್‌ಗಳನ್ನು ಲಾಕ್ ಮಾಡುವಾಗ ತಲೆಯ (ಸ್ಟ್ರಾಂಡನ್ನು ಮೇಲೆ ಹಿಡಿದಿಡುವ ಭಾಗ) ಕಡೆ ಗಮನ ಇರಲಿ. ತುಕ್ಕಿನಿಂದ ಆಂಕರ್ ತುಂಡಾಗೋದು ಬಾಂಡಿನಲ್ಲಿ ಅಪರೂಪ, ತಲೆಯ ಕೆಳಗಿನ ಒಂದು ಮೀಟರಿನಲ್ಲೇ ಜಾಸ್ತಿ. ಅಲ್ಲಿ ಕೊಳವೆ ಬಿಚ್ಚಿ ಸ್ಟ್ರಾಂಡ್ ಬರಿಮೈ ಆಗಿರುತ್ತೆ. ತಲೆಯಡಿಯ ಪ್ಲೇಟಿಗೆ ಬೆಸುಗೆ ಹಾಕಿದ ಟ್ರಂಪೆಟ್ (ಉಕ್ಕಿನ ಕೊಳವೆ) ಕವಚದ ಮೇಲೆ ಕನಿಷ್ಠ 100 ಮಿ.ಮೀ. ಹೊದ್ದುಕೊಂಡು ಸೀಲ್ ಆಗಿರಬೇಕು. ಅದರೊಳಗೆ ಗ್ರೌಟ್ ಹಾಕಿದ ಮರುದಿನ ಕಡ್ಡಿ ಇಳಿಸಿ ನೋಡಿ, ಗ್ರೌಟ್ ನೀರು ಬಿಟ್ಟು ಕುಸಿದು ಪ್ಲೇಟಿನಡಿ ಖಾಲಿ ಬಿದ್ದಿರಬಹುದು. ಮತ್ತೆ ತುಂಬಿ. ಮುಂದೆ ಲಿಫ್ಟ್-ಆಫ್ (ಜ್ಯಾಕಿನಿಂದ ತಲೆ ಎತ್ತಿ ಉಳಿದ ಲೋಡ್ ಅಳೆಯೋದು) ನೋಡೋದಿದ್ದರೆ ಸ್ಟ್ರಾಂಡಿನ ಬಾಲ ಕತ್ತರಿಸಬೇಡಿ, ಉದ್ದನೆ ಟೋಪಿ ಹಾಕಿ ಗ್ರೀಸ್ ತುಂಬಿ.

ಕಲ್ಲುಗಾರೆ:
ಇಳಿಸಿ ಓದಿದೆ, ವಾಪಸ್ ಬರದ್ದು 14. ಎಲಾಸ್ಟಿಕ್ 176. ಮೂರು ಸುತ್ತಿಗೂ ಅಷ್ಟೇ.

ಬೈರಿಗೆ:
ಹಾಗಾದರೆ ಎಳೆಯುತ್ತಿರೋದು 25 ಮೀಟರ್! ಬದಲಿ ರಂಧ್ರಕ್ಕೆ ಜಾಗ ಗುರುತು ಮಾಡಿ. ಇದನ್ನು ಲೆಕ್ಕದಿಂದ ತೆಗೆದುಬಿಡಿ.