ಅಣ್ಣನಿಗೆ ಇಲ್ಲದ ದನಿ ಕೇಳುವುದು ನಿಂತಿದೆ, ಆದರೆ ಹಾಸಿಗೆ ಬಿಟ್ಟು ಏಳುತ್ತಿಲ್ಲ

ಪ್ರಶ್ನೆ: ಡಾಕ್ಟ್ರೇ, ನಾವು ತಿಪಟೂರು ಕಡೆಯವರು. ಅಣ್ಣನಿಗೆ 29 ವರ್ಷ. ನಾಲ್ಕು ವರ್ಷದ ಹಿಂದೆ, ಪಕ್ಕದ ಮನೆಯವರು ತನ್ನ ಬಗ್ಗೆಯೇ ಮಾತಾಡುತ್ತಾರೆ ಅಂತ ಕಿಟಕಿಗೆಲ್ಲ ಪೇಪರ್ ಅಂಟಿಸಿದ್ದ. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿ ಆರು ತಿಂಗಳು ಕಳೆದೆವು, ಆಮೇಲೆ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಅಂತ ಗೊತ್ತಾಯಿತು. ಯಾರೂ ಇಲ್ಲದಾಗಲೂ ಅವನಿಗೆ ಕೇಳುತ್ತಿದ್ದ ದನಿಗಳು ಮಾತ್ರೆಯಿಂದ ನಿಂತಿವೆ. ಈಗ ಇಡೀ ದಿನ ಮಲಗಿರುತ್ತಾನೆ, ಸ್ನಾನಕ್ಕೂ ನಾಲ್ಕು ಸಲ ಕೂಗಬೇಕು. ಅಪ್ಪ ಸೋಮಾರಿ ಅಂತ ಬೈಯುತ್ತಾರೆ. ಮೊನ್ನೆ ನಾನೂ "ನಿನ್ನಿಂದ ನಮ್ಮೆಲ್ಲರ ಬದುಕು ಹಾಳಾಯಿತು" ಅಂದುಬಿಟ್ಟೆ. ಅವನು ಸುಮ್ನೆ ಗೋಡೆ ಕಡೆ ತಿರುಗಿ ಮಲಗಿದ. ಅವತ್ತಿಂದ ನನಗೆ ನಿದ್ದೆ ಇಲ್ಲ. ಇನ್ನೊಂದು, ಅವನು ಮಾತ್ರೆ ಬೇಡ ಅಂದಾಗ ಅಮ್ಮ ಪುಡಿ ಮಾಡಿ ಸಾರಿಗೆ ಹಾಕುತ್ತಾರೆ. ಸರಿಯಾ?

ಉತ್ತರ: ನೋಡಮ್ಮ, ನಿಮ್ಮಣ್ಣ ಸೋಮಾರಿ ಅಲ್ಲ. ದನಿ, ಅನುಮಾನ ಈ ಕಾಯಿಲೆಯ ಒಂದು ಮುಖ. ಹುಮ್ಮಸ್ಸು ಬತ್ತಿಹೋಗುವುದು, ಮಾತು ಕಡಿಮೆಯಾಗುವುದು, ಯಾವುದೂ ಬೇಕು ಅನ್ನಿಸದಿರುವುದು ಇನ್ನೊಂದು ಮುಖ, ಮತ್ತು ಇದಕ್ಕೆ ಮಾತ್ರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಕೆಲವರಿಗೆ ಮಾತ್ರೆಯ ಮಂಪರು, ಕೈಕಾಲು ಬಿಗಿತ ಅಥವಾ ಖಿನ್ನತೆಯೂ ಸೇರಿಕೊಂಡಿರುತ್ತದೆ. ಹಗಲಲ್ಲಿ ಎಷ್ಟು ಹೊತ್ತು ನಿದ್ದೆ, ಕೈ ನಡುಗುತ್ತದಾ, ತೂಕ ಏರಿದೆಯಾ ಅಂತ ಬರೆದುಕೊಂಡು ಹೋಗಿ ನಿಮ್ಮ ಡಾಕ್ಟರಿಗೆ ತೋರಿಸಿ. ಡೋಸ್ ಬದಲಿಸಲು ಅವರಿಗೆ ಅದು ಬೇಕು.

ದಿನಾ ಟೀಕೆ, ಜಗಳ ಇರುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ ಅಂತ ಲಂಡನ್ನಿನ ಸಂಶೋಧಕ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1972ರಲ್ಲೇ ತೋರಿಸಿದ್ದಾರೆ. ಹಾಗಂತ ಕಾಯಿಲೆ ಬಂದಿದ್ದು ನಿಮ್ಮಿಂದ ಅಲ್ಲ. ನಾಲ್ಕು ವರ್ಷ ನೋಡಿಕೊಂಡವರ ಬಾಯಲ್ಲಿ ಒಂದು ದಿನ ಅಂಥ ಮಾತು ಬರುತ್ತದೆ. ಹೋಗಿ "ಸುಸ್ತಾಗಿ ಹಾಗಂದೆ ಕಣಣ್ಣ" ಅನ್ನಿ. ಅವನ ಮುಖದಲ್ಲಿ ಏನೂ ಕಾಣದೇ ಇರಬಹುದು, ಆದರೆ ಅವನಿಗೆ ಮುಟ್ಟುತ್ತದೆ. ಆಮೇಲೆ "ಏನಾದರೂ ಕೆಲಸ ಮಾಡು" ಅನ್ನುವ ಬದಲು ಚಿಕ್ಕದೊಂದು ಕೇಳಿ. ತೋಟ ಇದ್ದರೆ ಹತ್ತು ಕಾಯಿ ಎತ್ತಿಡಲಿ, ನೀವೂ ಜೊತೆಗಿರಿ.

ಸಾರಿಗೆ ಹಾಕುವುದು ಬೇಡ. ಅಮ್ಮನ ಸಂಕಟ ಅರ್ಥವಾಗುತ್ತದೆ, ಆದರೆ ಊಟಕ್ಕೆ ಏನೋ ಬೆರೆಸುತ್ತಾರೆ ಅನ್ನುವ ಭಯ ಈ ಕಾಯಿಲೆಯಲ್ಲಿ ಹಲವರಿಗೆ ಮೊದಲೇ ಇರುತ್ತದೆ, ಸಿಕ್ಕಿಬಿದ್ದರೆ ಆ ಭಯ ನಿಜ ಅಂತ ನೀವೇ ತೋರಿಸಿಕೊಟ್ಟ ಹಾಗಾಗುತ್ತದೆ. ಕೆಲವು ಮಾತ್ರೆಗಳನ್ನು ಪುಡಿ ಮಾಡಲೇಬಾರದು. ಹಾಕುತ್ತಿದ್ದೇವೆ ಅಂತ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಮಾತ್ರೆಯ ಬದಲು ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ, ಅವನನ್ನೂ ಕೂರಿಸಿಕೊಂಡು ಅದರ ಬಗ್ಗೆ ಮಾತಾಡಿ.

ಗುಂಪಿನ ಇನ್ನೊಬ್ಬ ಸದಸ್ಯರು: ನನ್ನ ಮಗನಿಗೂ ಇದೇ. ಮದುವೆ ಮಾಡಿದರೆ ಸರಿಹೋಗುತ್ತಾನೆ ಅಂತಾರಲ್ಲ ಮೇಡಂ?

ಉತ್ತರ: ಮದುವೆ ಔಷಧಿ ಅಲ್ಲ ಸರ್. ಮದುವೆಯ ಗಡಿಬಿಡಿ, ನಿದ್ದೆಗೇಡು, ಹುಡುಗಿ ಮನೆಯವರಿಗೆ ಗೊತ್ತಾಗಬಾರದು ಅಂತ ಮಾತ್ರೆ ನಿಲ್ಲಿಸುವುದು, ಇದರಿಂದಲೇ ಮತ್ತೆ ಹುಷಾರು ತಪ್ಪಿದವರನ್ನು ತುಂಬಾ ನೋಡಿದ್ದೇನೆ. ಚೆನ್ನಾಗಿ ಇದ್ದು ಮದುವೆಯಾದವರೂ ಇದ್ದಾರೆ. ಆದರೆ ಮುಚ್ಚಿಟ್ಟು ಮಾಡಬೇಡಿ, ಆ ಹುಡುಗಿಗೂ ಅನ್ಯಾಯ.

ಪ್ರಶ್ನೆ ಕೇಳಿದವರು: ಅಪ್ಪನಿಗೆ ಹೇಗೆ ಹೇಳಲಿ ಮೇಡಂ? ನನ್ನ ಮಾತು ಕೇಳುವುದಿಲ್ಲ.

ಉತ್ತರ: ಮುಂದಿನ ಸಲ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ. ಮತ್ತೆ ನೀವು, ನಿದ್ದೆ ಇಲ್ಲ ಅಂದಿರಲ್ಲ, ಇವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅದು ಅಣ್ಣನಂಥವರಿಗೆ ಮಾತ್ರ ಅಲ್ಲ, ನಿಮಗೂ ಇದೆ.