ದರೋಜಿ, ಮಾಗಡಿ ಕೆರೆ: ಮಗಳ ಜೊತೆ ಸೈಕಲ್ ಎಲ್ಲಿ ತುಳಿಯಬಹುದು?

ಸೈಕಲ್ ಅಮ್ಮ, ಬೆಂಗಳೂರು
ಕ್ರಿಸ್‌ಮಸ್ ರಜೆಗೆ ನಾನು, ನಮ್ಮ ಮನೆಯವರು, 12 ವರ್ಷದ ಮಗಳು ಐದು ದಿನ ಕಾರಿನಲ್ಲಿ ಹೊರಟಿದ್ದೇವೆ. ಹಿಂದೆ ಎರಡು ಸೈಕಲ್ ಕಟ್ಟಿ, ಡಿಕ್ಕಿಯಲ್ಲಿ ಟೆಂಟ್ ಇಟ್ಟುಕೊಳ್ಳುತ್ತೇವೆ. ಚಿತ್ರದುರ್ಗದ ಮೇಲೆ ಹೊಸಪೇಟೆ, ಆಮೇಲೆ ಗದಗ ಕಡೆಯ ಮಾಗಡಿ ಕೆರೆ. ಮಗಳು ಮೂರು ತಿಂಗಳಿಂದ ಪಟ್ಟೆತಲೆ ಹೆಬ್ಬಾತಿನ ಚಿತ್ರ ಬಿಡಿಸಿ ಗೋಡೆಗೆ ಅಂಟಿಸುತ್ತಿದ್ದಾಳೆ. ಹಿಮಾಲಯ ದಾಟಿ ಬರುವ ಹಕ್ಕಿಯನ್ನು ಅವಳಿಗೆ ಕಣ್ಣಾರೆ ತೋರಿಸಬೇಕು.

ಕರಡಿ ನೋಡುವ ಆಸೆ ನನ್ನದು. ಬೆಳಗಿನ ಜಾವ ಐದಕ್ಕೆ ಹಂಪಿ ಪಕ್ಕದ ಕಮಲಾಪುರದಿಂದ ದರೋಜಿ ಕರಡಿಧಾಮಕ್ಕೆ ನಾನು, ಮಗಳು ಇಬ್ಬರೂ ಸೈಕಲ್ ತುಳಿದು, ರಾತ್ರಿ ಅಲ್ಲೇ ಬಂಡೆಗಳ ನಡುವೆ ಟೆಂಟ್ ಹಾಕೋಣ ಅಂದುಕೊಂಡಿದ್ದೇನೆ. ಆಗುತ್ತದಾ? ಚಳಿ ಜಾಸ್ತಿಯಾ?

ಹೊಸಪೇಟೆಯವ
ಅಕ್ಕಾ, ಆ ಹೊತ್ತಿನಲ್ಲಿ ಸೈಕಲ್ ದಯವಿಟ್ಟು ಬೇಡ. ಮುಸ್ಸಂಜೆಗೆ ಗುಡ್ಡ ಇಳಿದ ಕರಡಿಗಳು ರಾತ್ರಿಯೆಲ್ಲ ಹೊಲ, ತೋಟ ಸುತ್ತಿ ನಸುಕಿನಲ್ಲಿ ವಾಪಸ್ ಹೋಗುತ್ತವೆ. ಅಭಯಾರಣ್ಯದ ಗಡಿ ಅವಕ್ಕೆ ಗೊತ್ತಿಲ್ಲ ಅಲ್ವಾ? ಕರಡಿಗೆ ಮೂಗು ಚುರುಕು, ಕಣ್ಣು ಮಂದ. ಸೈಕಲ್‌ಗೆ ಸದ್ದೇ ಇಲ್ಲ. ಹತ್ತಿರ ಬಂದ ಮೇಲೆ ಬೆಚ್ಚಿದರೆ ಅದು ಮೈಮೇಲೇ ಬೀಳಬಹುದು. ನಮ್ಮ ಮಾವ ನಸುಕಿನಲ್ಲಿ ಬಾಳೆಗೆ ನೀರು ಬಿಡಲು ಹೋಗಿ ತಾಯಿ ಕರಡಿಗೆ ಎದುರಾದರು. ತೊಡೆಯ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು.

ಮಧ್ಯಾಹ್ನ ಕಾರಿನಲ್ಲಿ ಹೋಗಿ. ವೀಕ್ಷಣಾ ಗೋಪುರದಿಂದ ಎದುರಿನ ಗುಡ್ಡ ಚೆನ್ನಾಗಿ ಕಾಣುತ್ತದೆ. ಬಂಡೆಗೆ ಬೆಲ್ಲದ ಪಾಕ ಬಳಿಯುವ ರೂಢಿ ಇದೆ. ಅದಕ್ಕೆ ಕರಡಿ ಮಾತ್ರ ಅಲ್ಲ, ನವಿಲು, ಮುಂಗುಸಿಯೂ ಬರುತ್ತವೆ. ದೂರ ಇದೆ, ದುರ್ಬೀನು ಮರೆಯಬೇಡಿ.

ಸೈಕಲ್‌ಗೆ ಹಂಪಿ ಇದೆಯಲ್ಲ! ಬಿಸಿಲು ಬಂದ ಮೇಲೆ ಕಮಲಾಪುರದಿಂದ ಮಹಾನವಮಿ ದಿಬ್ಬದ ಕಡೆ ಹೋಗಿ. ಟೆಂಟ್ ಬಂಡೆ ಸಂದಿಯಲ್ಲಿ ಬೇಡವೇ ಬೇಡ. ಊರೊಳಗೆ ಯಾವುದಾದರೂ ಹೋಂಸ್ಟೇ ಅಂಗಳ ಕೇಳಿ.

ಗದಗ ಮೇಷ್ಟ್ರು
ತಂಗೀ, ಮಾಗಡಿ ಗದಗದಿಂದ ಸುಮಾರು 26 ಕಿ.ಮೀ. ಕೆರೆ 2024ರಲ್ಲಿ ರಾಮ್‌ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಕೆರೆ, ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ಹೆಬ್ಬಾತುಗಳು ಹೊಲಗಳಲ್ಲಿ ಮೇದು ಬೆಳಿಗ್ಗೆ ಸಾಲು ಸಾಲಾಗಿ ಕೆರೆಗೆ ಬಂದು ಇಳಿಯುತ್ತವೆ. ಮೊದಲು ಕೂಗು ಕೇಳುತ್ತದೆ, ಆಮೇಲೆ ಸಾಲು ಕಾಣುತ್ತದೆ. ಮಗಳನ್ನು ಏರಿಯ ಮೇಲೆ ಸುಮ್ನೆ ಕೂರಿಸಿ, ನೀರಿನ ಅಂಚಿಗೆ ಇಳಿಯಬೇಡಿ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುತ್ತವೆ, ಅವಳೇ ಗುರುತು ಹಿಡಿಯುತ್ತಾಳೆ.

ಹೊಲದ ದಾರಿಯಲ್ಲಿ ಸೈಕಲ್ ತುಳಿಯಿರಿ, ಹೊತ್ತೇರಿದ ಮೇಲೆ. ಆದರೆ ಬಳ್ಳಾರಿ ಜಾಲಿ ಮುಳ್ಳು ಟೈರನ್ನು ಬಿಡುವುದಿಲ್ಲ. ಸೈಕಲ್‌ಗೆ ಎರಡರಂತೆ ಟ್ಯೂಬ್, ಪಂಪ್, ಪ್ಯಾಚ್ ಇರಲಿ. ಮಳೆ ಬಿದ್ದಿದ್ದರೆ ಎರೆಮಣ್ಣಿಗೆ ಇಳಿಯಲೇಬೇಡಿ, ಮಡ್‌ಗಾರ್ಡ್‌ನಲ್ಲಿ ತುಂಬಿ ಚಕ್ರ ತಿರುಗುವುದಿಲ್ಲ. ಚಳಿಗೆ ಒಂದು ದಪ್ಪ ರಗ್ಗು, ಕಿವಿಗೆ ಮಫ್ಲರ್ ಸಾಕು. ಇಬ್ಬನಿಗೆ ಟೆಂಟ್ ತೊಯ್ಯುತ್ತದೆ, ಮೇಲೊಂದು ತಾಡಪತ್ರಿ ಹಾಕಿ. ಜಾಗ ಬೇಕಾದರೆ ನಮ್ಮ ಕಣವೇ ಇದೆ.

ಸೈಕಲ್ ಅಮ್ಮ
ಹೊಸಪೇಟೆಯ ತಮ್ಮಾ, ಕರಡಿಗೆ ನಾವೇ ಗಾಬರಿ ಹುಟ್ಟಿಸುತ್ತೇವೆ ಅಂತ ನನಗೆ ಹೊಳೆದಿರಲಿಲ್ಲ. ಮಾವ ಈಗ ಚೆನ್ನಾಗಿ ನಡೆಯುತ್ತಾರಾ? ದರೋಜಿಗೆ ಮಧ್ಯಾಹ್ನ ಕಾರಿನಲ್ಲೇ ಹೋಗುತ್ತೇವೆ. ಮೇಷ್ಟ್ರೇ, 27ರ ಸಂಜೆ ನಿಮ್ಮ ಕಣಕ್ಕೆ ಬರುತ್ತೇವೆ. ಬೆಳಿಗ್ಗೆ ಎಷ್ಟು ಗಂಟೆಗೆ ಏರಿ ಮೇಲಿರಬೇಕು?

ಗದಗ ಮೇಷ್ಟ್ರು
ಆರೂವರೆಗೆ. ಚಹಾ ನಮ್ಮನೆಯಲ್ಲೇ.